ಹಸುವಿನ ರಕ್ತ ಪರೀಕ್ಷೆ ಮತ್ತು ನಾವು ಬರೆದಿಡದ ತಾರೀಖು

ನಮ್ಮ ಕಡೆಯ ತೋಟದ ಮನೆಗಳಲ್ಲಿ ಮಳೆ ಪುಸ್ತಕವಿಲ್ಲದ ಮನೆ ಅಪರೂಪ. ನಮ್ಮಲ್ಲಿ ಅಜ್ಜನ ಕಾಲದಿಂದ ನಡೆದು ಬಂದ ಪುಸ್ತಕವೊಂದಿದೆ. ಬೆಳಿಗ್ಗೆ ಅಂಗಳದ ಮಳೆಮಾಪಕವನ್ನು ನೋಡಿ, ಎಷ್ಟು ಇಂಚು ಎಷ್ಟು ಸೆಂಟು ಎಂದು ಬರೆದಿಟ್ಟ ಮೇಲೆಯೇ ಕಾಫಿ ಕುಡಿಯುವುದು ರೂಢಿ. ಹೂಮಳೆ ಎಂದು ಬಿತ್ತು, ಅಡಿಕೆಗೆ ಮೊದಲ ಸಲ ಬೋರ್ಡೋ ಎಂದು ಹೊಡೆಸಿದೆವು, ಕಾಫಿ ಕೊಯ್ಲಿಗೆ ಎಷ್ಟು ಆಳು ಬಂದರು, ಎಲ್ಲವೂ ತಾರೀಖಿನ ಸಹಿತ ಅದರಲ್ಲಿ ಸಿಗುತ್ತದೆ. ಆದರೆ ಕೊಟ್ಟಿಗೆಯ ಹಸು ಎಂದು ಬೆದೆಗೆ ಬಂತು, ಎಂದು ಇಂಜೆಕ್ಷನ್ ಕೊಡಿಸಿದ್ದು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತೇವೆ.

ಈ ಲೇಖನಕ್ಕೆ ಕಾರಣವಾದದ್ದು ನನ್ನ ಮನೆಯಲ್ಲೇ ಆದ ಅಂತಹದೊಂದು ಮರೆವು. ಸಂಘದ ಕಾರ್ಯದರ್ಶಿಯಾಗಿ ಸದಸ್ಯರಿಗೆ ಲೆಕ್ಕಪತ್ರ ಸರಿಯಾಗಿಡಿ ಎಂದು ವರ್ಷವಿಡೀ ಹೇಳುವವನು ನಾನೇ ಆದ್ದರಿಂದ ಇದನ್ನು ಹೇಳಿಕೊಳ್ಳಲು ಸಂಕೋಚವೇ ಆಗುತ್ತದೆ. ಆದರೂ ಇನ್ನೊಬ್ಬರ ಕೊಟ್ಟಿಗೆಯಲ್ಲಿ ಇದೇ ನಷ್ಟ ಆಗದಿದ್ದರೆ ಸಾಕೆಂದು ಬರೆಯುತ್ತಿದ್ದೇನೆ.

ಕೆಂಪಿಯ ಸಂಗತಿ

ಕೆಂಪಿ ನಮ್ಮ ಮನೆಯ ಜೆರ್ಸಿ ಮಿಶ್ರ ತಳಿಯ ಹಸು. ಮನೆಯ ಹಾಲಿಗೂ ತೋಟದ ಗೊಬ್ಬರಕ್ಕೂ ಅದೇ ಆಧಾರ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಬೆದೆಗೆ ಬಂದಾಗ ಕೃತಕ ಗರ್ಭಧಾರಣೆ ಮಾಡಿಸಿದೆವು. ಅನಂತರ ಅಡಿಕೆ ಕೊಯ್ಲು, ಅದರ ಬೆನ್ನಿಗೇ ಅರೇಬಿಕಾ ಕೊಯ್ಲು. ಹಸುವಿನ ಕಡೆ ಗಮನ ಕೊಡಲು ಯಾರಿಗೂ ಪುರಸೊತ್ತಿರಲಿಲ್ಲ.

ಡಿಸೆಂಬರ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಕೊಟ್ಟಿಗೆ ಕೆಲಸದ ಹೆಂಗಸು ಬಂದು, “ಕೆಂಪಿ ಮೇಲೆ ಇನ್ನೊಂದು ದನ ಹತ್ತಿತ್ತು ಅಯ್ಯಾ, ಸುಮ್ಮನೆ ನಿಂತಿತ್ತು” ಎಂದಳು. ಸರಿ, ಗಬ್ಬ ನಿಂತಿಲ್ಲ, ಮತ್ತೆ ಬೆದೆಗೆ ಬಂದಿದೆ ಎಂದು ನಾನೇ ತೀರ್ಮಾನಿಸಿ ಇಂಜೆಕ್ಷನ್ ಕೊಡುವ ಹುಡುಗನಿಗೆ ಫೋನು ಮಾಡಿದೆ. ಅವನು ಬಂದು ಕೇಳಿದ್ದು ಒಂದೇ ಪ್ರಶ್ನೆ:

“ಹಿಂದಿನದು ಯಾವತ್ತು ಸಾರ್? ಒಂದ್ಸಲ ಡಾಕ್ಟ್ರ ಹತ್ರ ಕೈ ಹಾಕಿಸಿ ನೋಡಿಸೋದು ಒಳ್ಳೇದು.”

“ಎರಡು ತಿಂಗಳೋ ಏನೋ ಆಗಿರಬೇಕು. ನಿಂತಿಲ್ಲ ಅಂತ ಕಾಣ್ತಾ ಇದೆಯಲ್ಲ, ನೀನು ಕೊಟ್ಟು ಹೋಗಪ್ಪಾ” ಎಂದೆ. ಕಣದಲ್ಲಿ ಆಳುಗಳು ಕಾಯುತ್ತಿದ್ದರು. ಅವನು ನನ್ನ ಮಾತಿಗೆ ಎದುರಾಡದೆ ತನ್ನ ಕೆಲಸ ಮುಗಿಸಿ ಹೋದ.

ಎಂಟನೆಯ ದಿನ ಬೆಳಿಗ್ಗೆ ಕೆಂಪಿ ಕಂದು ಹಾಕಿತ್ತು. ಒಂದು ಗೇಣಿಗಿಂತ ಚಿಕ್ಕದಾದ, ಕಾಲುಗೊರಸಿನ ಗುರುತೆಲ್ಲ ಮೂಡಿದ್ದ ಮೂರು ತಿಂಗಳ ಕಂದು. ಪಶುವೈದ್ಯರು ಬಂದು, ಬರಿಗೈಯಲ್ಲಿ ಯಾರೂ ಮುಟ್ಟಬಾರದೆಂದು ಮೊದಲು ಎಚ್ಚರಿಸಿ, ಬ್ರುಸೆಲ್ಲಾ ರೋಗವಿದೆಯೇ ಎಂದು ತಿಳಿಯಲು ರಕ್ತ ತೆಗೆದು ಕಳಿಸಿದರು. ರೋಗವಿಲ್ಲವೆಂದು ವರದಿ ಬಂತು. ಗಬ್ಬದ ಹಸುಗಳಲ್ಲಿ ಕೆಲವು ನಡುವೆ ಬೆದೆಯ ಲಕ್ಷಣ ತೋರಿಸುವುದುಂಟೆಂದೂ, ಆಗ ಗರ್ಭಕೋಶದೊಳಗೆ ನಳಿಕೆ ತೂರಿಸಿದರೆ ಗಬ್ಬ ಹೋಗುವ ಸಂಭವವಿದೆಯೆಂದೂ ಅವರು ಹೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ.

ನಮ್ಮ ಮನೆಯವರು ಹೆಚ್ಚೇನೂ ಹೇಳಲಿಲ್ಲ. “ಕಾಫಿ ಕುಯ್ಲಿನ ತಾರೀಖು ಬರೀತೀರಿ, ಮಳೆ ಸೆಂಟು ಬರೀತೀರಿ. ಇದನ್ನೊಂದು ಬರೆದಿಡಲಿಕ್ಕೆ ಎಷ್ಟು ಶಾಯಿ ಬೇಕಿತ್ತು?” ಎಂದರು.

ಇಪ್ಪತ್ತೊಂದು ದಿನದ ಚಕ್ರ

ಅಂದು ವೈದ್ಯರು ಹೋಗುವ ಮುನ್ನ, ಗಬ್ಬ ನಿಂತಿದೆಯೋ ಇಲ್ಲವೋ ಎಂಬ ಸುಳಿವು ಇಪ್ಪತ್ತೆರಡನೆಯ ದಿನಕ್ಕೇ ಹಸುವಿನ ರಕ್ತದಲ್ಲಿ ಸಿಗುತ್ತದೆ ಎಂದರು. ಪದವಿಗೆ ವಿಜ್ಞಾನ ಓದಿದವನಾದರೂ ನನಗೆ ಈ ವಿಷಯ ಹೊಸದು. ಆಮೇಲೆ ಅವರಿಂದ ಕೇಳಿ, ಪುಸ್ತಕ ತಿರುವಿ ತಿಳಿದುಕೊಂಡದ್ದನ್ನು ಸದಸ್ಯರ ಮುಂದಿಡುತ್ತಿದ್ದೇನೆ.

ಹಸುವಿನ ಬೆದೆಯ ಚಕ್ರ ಸರಾಸರಿ 21 ದಿನ. 18ರಿಂದ 24ರವರೆಗೆ ಹೆಚ್ಚುಕಡಿಮೆ ಇರಬಹುದು. ಬೆದೆಯ ಹೊತ್ತಿಗೆ ಅಂಡಾಶಯದಲ್ಲಿ ಬೆಳೆದ ನೀರುಗುಳ್ಳೆಯಂತಹ ಕೋಶಿಕೆ ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಹಸು ಕೂಗುವುದು, ಲೋಳೆ ಬಿಡುವುದು, ಬೇರೆ ದನ ಹತ್ತಿದರೆ ಕದಲದೆ ನಿಲ್ಲುವುದು, ಎಲ್ಲ ಅದರ ಪ್ರಭಾವ. ಬೆದೆ ಇಳಿದ ಹತ್ತು ಹನ್ನೆರಡು ಗಂಟೆಗಳ ಬಳಿಕ ಕೋಶಿಕೆ ಒಡೆದು ಅಂಡ ಹೊರಬೀಳುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಎಂಬ ನಿಯಮ ಹುಟ್ಟಿದ್ದು ಇದರಿಂದಲೇ.

ಒಡೆದ ಜಾಗದಲ್ಲಿ ಹಳದಿ ಬಣ್ಣದ ಗಂಟೊಂದು ಬೆಳೆಯುತ್ತದೆ. ಇದು ಸುರಿಸುವುದು ಪ್ರೊಜೆಸ್ಟಿರೋನ್ ಎಂಬ ಹಾರ್ಮೋನನ್ನು. ಗರ್ಭಕೋಶವನ್ನು ಶಾಂತವಾಗಿಟ್ಟು, ಇನ್ನೊಂದು ಬೆದೆ ಬಾರದಂತೆ ತಡೆದು, ಗಬ್ಬವನ್ನು ಕಾಯುವುದು ಇದರ ಕೆಲಸ. ಹಸು ಗಬ್ಬವಾಗದಿದ್ದರೆ ಸುಮಾರು ಹದಿನೇಳನೆಯ ದಿನದ ಹೊತ್ತಿಗೆ ಗರ್ಭಕೋಶವೇ ಪ್ರೊಸ್ಟಗ್ಲಾಂಡಿನ್ ಎಂಬ ಪದಾರ್ಥವನ್ನು ಕಳಿಸಿ ಆ ಹಳದಿ ಗಂಟನ್ನು ಕರಗಿಸುತ್ತದೆ. ಪ್ರೊಜೆಸ್ಟಿರೋನ್ ಇಳಿಯುತ್ತದೆ, ಹೊಸ ಬೆದೆ ಬರುತ್ತದೆ. ಗಬ್ಬವಾಗಿದ್ದರೆ ಪಿಂಡದಿಂದ ಬರುವ ಸಂಕೇತ ಗಂಟು ಕರಗದಂತೆ ಕಾಪಾಡುತ್ತದೆ; ಪ್ರೊಜೆಸ್ಟಿರೋನ್ ಏರಿದ ಮಟ್ಟದಲ್ಲೇ ಉಳಿಯುತ್ತದೆ.

ಬೆದೆಯ ದಿನ ಒಂದು ಮಿಲಿಲೀಟರ್ ರಕ್ತದಲ್ಲಿ ಪ್ರೊಜೆಸ್ಟಿರೋನ್ 1 ನ್ಯಾನೊಗ್ರಾಮಿಗೂ ಕಡಿಮೆ. ಚಕ್ರದ ನಡುವೆ ಮತ್ತು ಗಬ್ಬದಲ್ಲಿ ಅದು 4, 6, 8ಕ್ಕೆ ಏರುತ್ತದೆ. ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗ. ಹತ್ತು ಸಾವಿರ ಲೀಟರಿನ ನೂರು ಟ್ಯಾಂಕರುಗಳ ನೀರಿನಲ್ಲಿ ಒಟ್ಟು ಒಂದು ಗ್ರಾಂ ಉಪ್ಪು ಕರಗಿಸಿದರೆ ಎಷ್ಟೋ ಅಷ್ಟು. ಈಸ್ಟ್ರೋಜನ್ನಿನದು ಇದಕ್ಕಿಂತಲೂ ಬಹಳ ಸಣ್ಣ ಲೆಕ್ಕ. ಅದನ್ನು ನ್ಯಾನೊಗ್ರಾಮಿನ ಸಾವಿರದಲ್ಲೊಂದು ಭಾಗವಾದ ಪಿಕೊಗ್ರಾಮಿನಲ್ಲಿ ಹೇಳಬೇಕು. ಇಷ್ಟು ಸೂಕ್ಷ್ಮವಾದುದನ್ನು ರಕ್ತದ ಇತರ ನೂರಾರು ಪದಾರ್ಥಗಳ ನಡುವೆ ಗುರುತಿಸಿ ಅಳೆಯುವುದು ಹೇಗೆ?

ಅಳೆಯುವ ದಾರಿ ಕಂಡವರು

ಈ ದಾರಿ ತೆರೆದದ್ದು ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ. ಭೌತವಿಜ್ಞಾನಿ ರೋಸಲಿನ್ ಯಾಲೊ ಮತ್ತು ವೈದ್ಯ ಸಾಲಮನ್ ಬರ್ಸನ್ ಸಕ್ಕರೆ ಕಾಯಿಲೆಯ ಬಗ್ಗೆ ಸಂಶೋಧನೆ ನಡೆಸುತ್ತಿದ್ದರು. ಆ ಕಾಲದಲ್ಲಿ ರೋಗಿಗಳಿಗೆ ಕೊಡುತ್ತಿದ್ದ ಇನ್ಸುಲಿನ್ ದನ ಮತ್ತು ಹಂದಿಗಳಿಂದ ತೆಗೆದದ್ದು. ಪರಕೀಯವಾದ ಆ ಇನ್ಸುಲಿನ್ನನ್ನು ಹಿಡಿಯಲು ರೋಗಿಯ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆಂದು ಅವರು 1956ರಲ್ಲಿ ಪ್ರಕಟಿಸಿದರು. ಒಂದೇ ಪದಾರ್ಥವನ್ನು ಆರಿಸಿ ಹಿಡಿಯುವ ಈ ಪ್ರತಿಕಾಯವನ್ನೇ ಅಳತೆಗೋಲಾಗಿ ಏಕೆ ಬಳಸಬಾರದು ಎಂಬ ಯೋಚನೆಯಿಂದ, ವಿಕಿರಣಶೀಲ ಅಯೋಡಿನ್ನಿನ ಗುರುತು ಕಟ್ಟಿದ ಇನ್ಸುಲಿನ್ನಿನೊಂದಿಗೆ ರೇಡಿಯೋ ಇಮ್ಯುನೋ ಅಸ್ಸೇ ಎಂಬ ವಿಧಾನ 1960ರ ಹೊತ್ತಿಗೆ ಸಿದ್ಧವಾಯಿತು. ಅವರು ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. 1977ರಲ್ಲಿ ಯಾಲೊ ಅವರಿಗೆ ನೊಬೆಲ್ ಬಹುಮಾನ ಬಂದಾಗ, ಅದನ್ನು ಹಂಚಿಕೊಳ್ಳಬೇಕಿದ್ದ ಬರ್ಸನ್ ತೀರಿಹೋಗಿ ಐದು ವರ್ಷವಾಗಿತ್ತು.

ವಿಕಿರಣದ ವಸ್ತುವನ್ನು ಎಲ್ಲ ಕಡೆ ಇಟ್ಟುಕೊಳ್ಳುವುದು ಕಷ್ಟ. 1971ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಈವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ವಿಕಿರಣದ ಬದಲು, ಬಣ್ಣ ಬರಿಸುವ ಕಿಣ್ವವನ್ನು ಗುರುತಾಗಿ ಕಟ್ಟುವ ವಿಧಾನವನ್ನು ಪ್ರಕಟಿಸಿದರು. ಅದೇ ಎಲೈಸಾ. ಅದೇ ವರ್ಷ ಇಂಗ್ಲೆಂಡಿನ ಸಂಶೋಧಕರು ಹಸುವಿನ ಹಾಲಿನಲ್ಲೂ ಪ್ರೊಜೆಸ್ಟಿರೋನ್ ಏರಿಳಿಯುವುದನ್ನು ಅಳೆದು ತೋರಿಸಿದರು. ಆ ದಶಕದಲ್ಲೇ ಅಲ್ಲಿನ ಮಿಲ್ಕ್ ಮಾರ್ಕೆಟಿಂಗ್ ಬೋರ್ಡ್ ರೈತರು ಕಳಿಸಿದ ಹಾಲು ನೋಡಿ ಗಬ್ಬ ತಿಳಿಸುವ ಸೇವೆ ಆರಂಭಿಸಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ಸೇರಿ 1964ರಲ್ಲಿ ತೆರೆದ ಜಂಟಿ ವಿಭಾಗವು 1980ರ ದಶಕದಿಂದ ನಮ್ಮಂತಹ ದೇಶಗಳ ಪ್ರಯೋಗಾಲಯಗಳಿಗೆ ಈ ಪರೀಕ್ಷೆಯ ಸಾಮಗ್ರಿ ಒದಗಿಸಿತು. ಸಣ್ಣ ರೈತರ ಹಸುಗಳನ್ನು ಹೀಗೆ ಪರೀಕ್ಷಿಸಿದಾಗ ಹಲವು ದೇಶಗಳಲ್ಲಿ ಕಂಡುಬಂದ ಸಂಗತಿ ಒಂದೇ: ಬೆದೆಯೆಂದು ಇಂಜೆಕ್ಷನ್ನಿಗೆ ಕರೆತಂದ ಹಸುಗಳಲ್ಲಿ ಒಂದಷ್ಟು ಆ ದಿನ ಬೆದೆಯಲ್ಲೇ ಇರಲಿಲ್ಲ, ಅವುಗಳ ಪ್ರೊಜೆಸ್ಟಿರೋನ್ ಏರಿಯೇ ಇತ್ತು. ನನ್ನ ತಪ್ಪು ನನ್ನೊಬ್ಬನದಲ್ಲ ಎಂಬ ಸಮಾಧಾನ ಇದರಿಂದ ಸಿಕ್ಕಿತಾದರೂ ಹೋದ ಕರು ಬರಲಿಲ್ಲ.

ಪಂಕ್ತಿ ಊಟದ ಲೆಕ್ಕ

ಪರೀಕ್ಷೆಯ ಒಳಗುಟ್ಟು ಕಷ್ಟದ್ದಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ನೂರು ಎಲೆ ಹಾಕಿದೆ ಎನ್ನಿ. ಹೆಣ್ಣಿನ ಕಡೆಯವರು ನೂರು ಮಂದಿ, ಎಲ್ಲರಿಗೂ ಕೆಂಪು ಶಾಲು ಹೊದಿಸಿದೆ. ಗಂಡಿನ ಕಡೆಯವರು ಎಷ್ಟು ಬಂದಿದ್ದಾರೆಂದು ಗೊತ್ತಿಲ್ಲ, ಅವರಿಗೆ ಶಾಲಿಲ್ಲ. ಬಾಗಿಲು ತೆರೆದು ಎಲ್ಲರನ್ನೂ ಒಟ್ಟಿಗೆ ಬಿಟ್ಟು, ಕೂತವರಲ್ಲಿ ಕೆಂಪು ಶಾಲನ್ನಷ್ಟೇ ಎಣಿಸಿ. ನೂರೂ ಕೆಂಪಾದರೆ ಗಂಡಿನ ಕಡೆಯವರು ಬಂದೇ ಇಲ್ಲ. ಐವತ್ತಾದರೆ ಅವರೂ ಸುಮಾರು ನೂರು ಮಂದಿ. ಹತ್ತೇ ಆದರೆ ಅವರು ಒಂಬೈನೂರರಷ್ಟಿದ್ದಾರೆ!

ಇಲ್ಲಿ ಎಲೆಗಳೆಂದರೆ ಪ್ರತಿಕಾಯಗಳು. ಕೆಂಪು ಶಾಲಿನವರು ಪ್ರಯೋಗಾಲಯದವರು ಗುರುತು ಕಟ್ಟಿ ಅಳೆದು ಹಾಕಿದ ಪ್ರೊಜೆಸ್ಟಿರೋನ್. ಶಾಲಿಲ್ಲದವರು ಹಸುವಿನ ರಕ್ತದಲ್ಲಿ ಬಂದದ್ದು. ಕೂರಲು ಜಾಗ ಸಿಗದವರನ್ನು ತೊಳೆದು ಹೊರಹಾಕಿ, ಕೂತವರ ವಿಕಿರಣವನ್ನೋ ಬಣ್ಣವನ್ನೋ ಯಂತ್ರದಿಂದ ನೋಡುತ್ತಾರೆ. ಬಣ್ಣ ಗಾಢವಾದಷ್ಟೂ ಹಸುವಿನ ಹಾರ್ಮೋನು ಕಡಿಮೆ, ತೆಳುವಾದಷ್ಟೂ ಹೆಚ್ಚು. ತಕ್ಕಡಿಗೆ ತೂಕದ ಕಲ್ಲು ಇರುವಂತೆ, ಗೊತ್ತಿರುವ ಪ್ರಮಾಣದ ಮಾದರಿಗಳನ್ನೂ ಪ್ರತಿ ಸಲ ಜೊತೆಯಲ್ಲೇ ಇಟ್ಟು ಅವುಗಳಿಗೆ ಹೋಲಿಸಿ ಉತ್ತರ ಹೇಳುತ್ತಾರೆ.

ಪ್ರೊಜೆಸ್ಟಿರೋನ್ ಬಹಳ ಚಿಕ್ಕ ಅಣು. ಅದನ್ನು ಹಾಗೆಯೇ ಚುಚ್ಚಿದರೆ ಮೊಲದ ದೇಹ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದನ್ನು ದೊಡ್ಡದೊಂದು ಪ್ರೋಟೀನಿಗೆ ಕಟ್ಟಿ ಚುಚ್ಚಿದಾಗ ಮಾತ್ರ ಪ್ರತಿಕಾಯ ಸಿಗುತ್ತದೆ. ಅಂಡ ಬಿಡುಗಡೆಗೆ ಕಾರಣವಾಗುವ ಎಲ್.ಎಚ್. ಎಂಬ ಹಾರ್ಮೋನು ಗಾತ್ರದಲ್ಲಿ ದೊಡ್ಡದು. ಅದನ್ನು ಎರಡು ಪ್ರತಿಕಾಯಗಳ ನಡುವೆ ಇಕ್ಕಳದಂತೆ ಹಿಡಿದು ಅಳೆಯುವ ಕ್ರಮವೂ ಇದೆ. ಅದರಲ್ಲಿ ಲೆಕ್ಕ ನೇರ: ಹಾರ್ಮೋನು ಹೆಚ್ಚಿದಷ್ಟೂ ಬಣ್ಣ ಹೆಚ್ಚು.

ಕೊಟ್ಟಿಗೆಗೆ ಇದರಿಂದೇನು?

ಮೊದಲನೆಯದು, ಗಬ್ಬದ ಪರೀಕ್ಷೆ. ಇಂಜೆಕ್ಷನ್ ಕೊಡಿಸಿದ 21ರಿಂದ 24ನೆಯ ದಿನದೊಳಗೆ ರಕ್ತ ಅಥವಾ ಹಾಲು ನೋಡಿದಾಗ ಪ್ರೊಜೆಸ್ಟಿರೋನ್ ತಳ ಸೇರಿದ್ದರೆ ಗಬ್ಬ ನಿಂತಿಲ್ಲವೆಂದು ಬಹುತೇಕ ಖಚಿತವಾಗಿ ಹೇಳಬಹುದು. ಏರಿದ್ದರೆ ನಿಂತಿರುವ ಸಂಭವ ಹೆಚ್ಚು ಎಂದಷ್ಟೇ ಹೇಳಬಹುದು. ಪಿಂಡ ಆಮೇಲೆ ಸಾಯಬಹುದು, ಹಳದಿ ಗಂಟು ಬೇರೆ ಕಾರಣಕ್ಕೂ ಉಳಿದಿರಬಹುದು. ಈ ಪರೀಕ್ಷೆಯ “ಇಲ್ಲ” ಎಂಬ ಮಾತನ್ನು ನಂಬಬಹುದು, “ಹೌದು” ಎಂಬ ಮಾತನ್ನು ವೈದ್ಯರ ಕೈಯಿಂದ ಮತ್ತೊಮ್ಮೆ ದೃಢಪಡಿಸಿಕೊಳ್ಳಬೇಕು. ಈಚೆಗೆ, ಗಬ್ಬದ ಚೀಲದಿಂದಲೇ ರಕ್ತಕ್ಕೆ ಬರುವ ವಿಶೇಷ ಪ್ರೋಟೀನನ್ನು ಇದೇ ಇಮ್ಯುನೋ ಅಸ್ಸೇ ವಿಧಾನದಿಂದ ನಾಲ್ಕು ವಾರದ ಬಳಿಕ ಗುರುತಿಸುವ ಪರೀಕ್ಷೆಗಳೂ ಬಂದಿವೆ. ಅದು ಹಾರ್ಮೋನಲ್ಲ, ಆದರೆ ಹಿಂದಿನ ಗಬ್ಬದ ಶೇಷ ಈದ ಮೇಲೂ ಎರಡು ಮೂರು ತಿಂಗಳು ರಕ್ತದಲ್ಲಿ ಉಳಿಯುವುದರಿಂದ ಅದಕ್ಕೂ ತಾರೀಖಿನ ಆಧಾರ ಬೇಕು.

ಎರಡನೆಯದು, ಬೆದೆಗೇ ಬಾರದ ಹಸು. ಗೊಡ್ಡೆಂದು ಮಾರುವ ಮೊದಲು ಹತ್ತು ದಿನದ ಅಂತರದಲ್ಲಿ ಎರಡು ಸಲ ರಕ್ತ ನೋಡಬೇಕು. ಎರಡೂ ಸಲ ಕಡಿಮೆಯಾದರೆ ಅಂಡಾಶಯ ಕೆಲಸ ಮಾಡುತ್ತಿಲ್ಲ. ಮೇವು, ಹಿಂಡಿ, ಖನಿಜ ಮಿಶ್ರಣ, ಜಂತುಹುಳುಗಳ ಕಡೆ ನೋಡಬೇಕು. ಒಂದು ಸಲ ಕಡಿಮೆ, ಇನ್ನೊಂದು ಸಲ ಹೆಚ್ಚಾದರೆ ಹಸುವಿನಲ್ಲಿ ದೋಷವಿಲ್ಲ, ಬೆದೆ ಬಂದು ಹೋಗುತ್ತಿದೆ, ನೋಡುವ ಕಣ್ಣಿಲ್ಲ ಅಷ್ಟೆ. ಎರಡೂ ಸಲ ಹೆಚ್ಚಾದರೆ ಗಬ್ಬವೋ ಕರಗದ ಹಳದಿ ಗಂಟೋ ಎಂದು ವೈದ್ಯರೇ ನೋಡಬೇಕು.

ಮೂರನೆಯದು ಎಚ್ಚರಿಕೆ. ಬೆದೆಗೆ ಬರಿಸಲು ಕೊಡುವ ಪ್ರೊಸ್ಟಗ್ಲಾಂಡಿನ್ ಚುಚ್ಚುಮದ್ದು ಆ ಹಳದಿ ಗಂಟನ್ನೇ ಕರಗಿಸುವಂತಹದು. ಗಬ್ಬದ ಹಸುವಿಗೆ ತಿಳಿಯದೆ ಕೊಟ್ಟರೆ ಗಬ್ಬವೇ ಹೋಗುತ್ತದೆ. ಪರೀಕ್ಷಿಸದೆ “ಬೆದೆಗೆ ಒಂದು ಇಂಜೆಕ್ಷನ್ ಕೊಟ್ಟುಬಿಡಿ” ಎಂದು ಯಾರನ್ನೂ ಒತ್ತಾಯಿಸಬೇಡಿ.

ರಕ್ತ ಕಳಿಸುವುದರಲ್ಲೂ ಒಂದು ಸೂಕ್ಷ್ಮವಿದೆ. ದನದ ರಕ್ತವನ್ನು ಹಾಗೆಯೇ ಬೆಚ್ಚಗಿನ ಜಾಗದಲ್ಲಿಟ್ಟರೆ ಅದರ ಕೆಂಪು ಕಣಗಳೇ ಪ್ರೊಜೆಸ್ಟಿರೋನನ್ನು ಬೇರೆ ರೂಪಕ್ಕೆ ತಿರುಗಿಸುತ್ತವೆ. ಕೆಲವೇ ಗಂಟೆಗಳಲ್ಲಿ ಅಳತೆ ಕುಸಿಯುತ್ತದೆ. ಗಬ್ಬದ ಹಸುವೂ ಗಬ್ಬವಿಲ್ಲದ್ದೆಂದು ತೋರಬಹುದು. ರಕ್ತ ತೆಗೆದ ಕೂಡಲೇ ಮಂಜುಗಡ್ಡೆಯಲ್ಲಿಟ್ಟು, ಬೇಗನೆ ಯಂತ್ರದಲ್ಲಿ ತಿರುಗಿಸಿ, ಕೆಂಪು ಕಣ ಬೇರ್ಪಡಿಸಿದ ತಿಳಿಯನ್ನೇ ಕಳಿಸಬೇಕು. ಹಸಿ ಕಾಫಿ ಹಣ್ಣನ್ನು ಚೀಲ ಕಟ್ಟಿ ಬಿಸಿಲಿನಲ್ಲಿ ಬಿಟ್ಟು ಆಮೇಲೆ ಒಳ್ಳೆಯ ಔಟ್‌ಟರ್ನ್ ಕೇಳಿದರೆ ಹೇಗೋ ಇದೂ ಹಾಗೆಯೇ.

ಈ ಪರೀಕ್ಷೆ ಊರೂರಿನ ಪಶು ಚಿಕಿತ್ಸಾಲಯದಲ್ಲಿ ಸಿಗುವಂತಹದಲ್ಲ. ಪಶುವೈದ್ಯ ಕಾಲೇಜುಗಳು ಮತ್ತು ಸಂಶೋಧನಾ ಸಂಸ್ಥೆಗಳ ಪ್ರಯೋಗಾಲಯಗಳಲ್ಲಿ ನಡೆಯುವಂತಹದು. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಆರಂಭವಾದ, ಪಶುಗಳ ಪೋಷಣೆ ಮತ್ತು ಶರೀರಕ್ರಿಯೆಯ ರಾಷ್ಟ್ರೀಯ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ಆದರೆ ಒಂದೆರಡು ಹಸುವಿನ ರೈತನಿಗೆ ದಾರಿ ತೋರಿಸಬೇಕಾದವರು ಅವನ ಊರಿನ ಪಶುವೈದ್ಯರೇ.

ಮರಳಿ ಕೆಂಪಿಗೆ

ಕಂದು ಹಾಕಿದ ಮೇಲೆ ಕೆಂಪಿ ಎರಡು ತಿಂಗಳಾದರೂ ಬೆದೆ ತೋರಿಸಲಿಲ್ಲ. ಇನ್ನು ಇದನ್ನು ಕೊಟ್ಟುಬಿಡುವುದು ಎಂದು ಮನೆಯಲ್ಲಿ ಮಾತು ಎದ್ದಿತ್ತು. ಕೊಳ್ಳುವವನೂ ಒಬ್ಬ ಬಂದು ನೋಡಿ ಹೋಗಿದ್ದ. ವೈದ್ಯರ ಸಲಹೆಯಂತೆ 2023ರ ಮಾರ್ಚ್ 6ರಂದು ಮತ್ತು 16ರಂದು ರಕ್ತ ತೆಗೆಸಿ, ಥರ್ಮಾಸಿನಲ್ಲಿ ಮಂಜುಗಡ್ಡೆ ತುಂಬಿ ನಾನೇ ಪಶು ಆಸ್ಪತ್ರೆಗೆ ಒಯ್ದೆ. ಅವರು ತಿಳಿ ಬೇರ್ಪಡಿಸಿ ಪ್ರಯೋಗಾಲಯಕ್ಕೆ ಕಳಿಸಿದರು. ವಾರದ ಮೇಲೆ ಉತ್ತರ ಬಂತು: ಮೊದಲನೆಯದು 0.4, ಎರಡನೆಯದು 5.1.

“ಹಸು ಸರಿಯಾಗಿಯೇ ಇದೆ, ನೀವು ನೋಡ್ತಾ ಇಲ್ಲ. 6ನೇ ತಾರೀಖಿನ ಆಚೀಚೆ ಬೆದೆ ಬಂದು ಹೋಗಿದೆ. ತಿಂಗಳ ಕೊನೆ ವಾರ ರಾತ್ರಿ, ಬೆಳಗಿನ ಜಾವ ಎದ್ದು ನೋಡಿ” ಎಂದರು ವೈದ್ಯರು.

ನಾನೂ ನಮ್ಮ ಮನೆಯವರೂ ಸರದಿ ಹಾಕಿಕೊಂಡು ಟಾರ್ಚು ಹಿಡಿದು ಕೊಟ್ಟಿಗೆಗೆ ಹೋದೆವು. 28ರ ನಸುಕಿನಲ್ಲಿ ಕೆಂಪಿಯ ಬಾಲದ ಬಳಿ ತಿಳಿಯಾದ ಲೋಳೆ ಇಳಿದಿತ್ತು. ಹೊರಗೆ ಬಿಟ್ಟಾಗ ಬೇರೆ ದನ ಹತ್ತಿದರೂ ಕದಲಲಿಲ್ಲ. ಅಂದೇ ಸಂಜೆ ಅದೇ ಹುಡುಗ ಬಂದ. ಈ ಸಲ ಅವನು ಕೇಳುವ ಮೊದಲೇ ತಾರೀಖು ಹೇಳಿದೆ. ಏಪ್ರಿಲ್ 20ರ ರಕ್ತದಲ್ಲಿ ಪ್ರೊಜೆಸ್ಟಿರೋನ್ ಏರಿಯೇ ಇತ್ತು. ಜೂನ್ ಮೊದಲ ವಾರ ವೈದ್ಯರು ಕೈಹಾಕಿ ನೋಡಿ ಗಬ್ಬವೆಂದರು. 2024ರ ಜನವರಿ 3ರಂದು ಹೆಣ್ಣು ಕರು ಹಾಕಿತು.

ಒಂದು ವಿಷಯವನ್ನು ಪ್ರಾಮಾಣಿಕವಾಗಿ ಹೇಳಬೇಕು. 2022ರ ಡಿಸೆಂಬರಿನ ಆ ಬೆಳಿಗ್ಗೆ ಪ್ರಯೋಗಾಲಯ ನನ್ನ ಕರುವನ್ನು ಉಳಿಸುತ್ತಿರಲಿಲ್ಲ. ಬೆದೆ ಇರುವುದು ಒಂದು ದಿನಕ್ಕೂ ಕಡಿಮೆ. ವರದಿ ಬರುವುದು ವಾರದ ಮೇಲೆ. ಆ ಹೊತ್ತಿಗೆ ಕೈಯಲ್ಲಿರಬೇಕಾದದ್ದು ಸೆಪ್ಟೆಂಬರಿನ ಒಂದು ತಾರೀಖು. ಅದು ಬರೆದಿದ್ದರೆ ಎಂಬತ್ತೈದು ದಿನವಾಗಿದೆ, ನಡುವೆ ಬೆದೆ ಕಂಡಿಲ್ಲ, ಮೊದಲು ಕೈ ಹಾಕಿಸಿ ನೋಡಿಸಬೇಕು ಎಂದು ಯಾರಿಗಾದರೂ ಹೊಳೆಯುತ್ತಿತ್ತು. ತಾರೀಖಿಲ್ಲದೆ ರಕ್ತ ಕಳಿಸಿದರೂ ಫಲವಿಲ್ಲ. 5 ನ್ಯಾನೊಗ್ರಾಂ ಎಂದರೆ ಹನ್ನೆರಡನೆಯ ದಿನದ ಬರಡು ಹಸುವೂ ಇರಬಹುದು, ಮೂರು ತಿಂಗಳ ಗಬ್ಬವೂ ಇರಬಹುದು. ನ್ಯಾನೊಗ್ರಾಮನ್ನು ಪ್ರಯೋಗಾಲಯ ಅಳೆದು ಕೊಡುತ್ತದೆ. ಅದು ಎಷ್ಟನೆಯ ದಿನದ ನ್ಯಾನೊಗ್ರಾಂ ಎಂದು ಹೇಳಬೇಕಾದವರು ನಾವು.

ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೆ. ಹಸುವಿಗೊಂದರಂತೆ ರಟ್ಟಿನ ಕಾರ್ಡುಗಳನ್ನು ಸಂಘದ ಮಳಿಗೆಯಲ್ಲಿ ಇಡಿಸಿದ್ದೇನೆ, ಬೆಲೆಯಿಲ್ಲ. ಈದ ದಿನ, ಬೆದೆ ಕಂಡ ದಿನ ಮತ್ತು ಹೊತ್ತು, ಇಂಜೆಕ್ಷನ್ ಕೊಡಿಸಿದ ದಿನ, ಇಪ್ಪತ್ತೊಂದನೆಯ ದಿನ ಎಂದು ನಾಲ್ಕೇ ಮನೆಗಳು ಅದರಲ್ಲಿವೆ. ಕೊಟ್ಟಿಗೆಯ ಕಂಬಕ್ಕೆ ತೂಗುಹಾಕಿ, ಪಕ್ಕದಲ್ಲೊಂದು ಪೆನ್ಸಿಲನ್ನೂ ದಾರ ಕಟ್ಟಿ ಬಿಡಿ. ಇಲ್ಲದಿದ್ದರೆ ಮಕ್ಕಳು ಒಯ್ಯುತ್ತಾರೆ. ನಮ್ಮ ಮನೆಯ ಮಳೆ ಪುಸ್ತಕದಲ್ಲಿ ಈಗ ಸೆಂಟಿನ ಪಕ್ಕ ಹೊಸದೊಂದು ಕಂಬಸಾಲು ಬಂದಿದೆ. ಅದರ ತಲೆಯ ಮೇಲೆ ‘ಕೆಂಪಿ’ ಎಂದು ಬರೆದವರು ನಮ್ಮ ಮನೆಯವರು.